ನೀಲಿ ಸ್ವೆಟರಿನ ಜಾಡು

ರಸ್ತೆಗೆ ಹಾಸಿದ್ದ ರಾಗಿ ತೆನೆಯನ್ನು ಎದುರುಮನೆಯ ಮುನಿಲಕ್ಷ್ಮಿ ಕವೆಗೋಲಿನಿಂದ ಅಂಚಿಗೆ ಎಳೆದು ಹಾಕುತ್ತಿದ್ದಳು. ಮಾರ್ಗಶಿರದ ಮಂಜು ಇನ್ನೂ ಕರಗಿರಲಿಲ್ಲ. ಕಾಮಸಮುದ್ರದ ಬಸ್ಸು ಹೋಗಿ ಬಂದು ಮಾಡಿದರೆ ಅರ್ಧ ಒಕ್ಕಣೆ ತಾನಾಗಿ ಮುಗಿಯುತ್ತದೆಂದು ಊರವರು ಹಿಂದಿನ ದಿನವೇ ಟಾರಿನ ಮೇಲೆ ತೆನೆ ಹರಡಿದ್ದರು. ಈಗ ರಾಮಚಂದ್ರಪ್ಪನ ಚಟ್ಟ ಇದೇ ದಾರಿಯಲ್ಲಿ ಹೋಗಬೇಕು. ತಿನ್ನುವ ಕಾಳಿನ ಮೇಲೆ ಹೆಣ ಸಾಗಬಾರದು.

“ಎಳ್ದೂ ಎಳ್ದೂ ಸೊಂಟ ಬಿದ್ದೋಯ್ತು ಕಣಮ್ಮೋ,” ಎಂದು ಅವಳು ಕೊಟ್ಟಿಗೆಯ ಕಡೆ ಕೂಗಿದಳು. “ಎತ್ತಾದು ಯಾವಾಗಂತೆ ಸುಕನ್ಯಮ್ಮ? ಬಸ್ ಬರಾಕ್ ಮುಂಚೇನಾ, ಆಮ್ಯಾಲಾ?”

ಸುಕನ್ಯ ಹಸು ಕರೆಯುತ್ತಿದ್ದಳು. ಸತ್ತವನ ಮಗಳು, ಸುದ್ದಿ ತಿಳಿದ ಕೂಡಲೇ ಮಾಲೂರಿನಿಂದ ಬಂದಿದ್ದಳು. ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ಕಸ ಗುಡಿಸುವ ಹಾಗಿರಲಿಲ್ಲ, ಆದರೆ ಕೆಚ್ಚಲು ಯಾರ ಸಾವಿಗೂ ಕಾಯುವುದಿಲ್ಲ. ಸೂತಕದ ಹಾಲು ಡೈರಿಗೆ ಬೇಡವೆಂದು ಪಕ್ಕದ ಮನೆಯ ನಾಯಿಯ ತಟ್ಟೆಗೆ ಸುರಿದು ಬಂದಳು.

“ನನ್ನ ಕೇಳ್ಬೇಡ ಮುನಿಲಕ್ಷ್ಮಕ್ಕ. ಅಮ್ಮನ್ನ ಕೇಳು.”

ಪಡಸಾಲೆಯಲ್ಲಿ ರಾಮಚಂದ್ರಪ್ಪನನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ಹಿಂದಿನ ಸಂಜೆ ಬೆಂಗಳೂರಿನಿಂದ ಕೆಲಸ ಮುಗಿಸಿ ಬಂದವನು ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕೂತಿದ್ದ. ಮತ್ತೆ ಏಳಲಿಲ್ಲ. ಎದೆಯ ನೋವಿನ ಗುರುತು ಮುಖದ ಮೇಲೆ ಇರಲಿಲ್ಲ. ರೈಲು ತಡವಾಗಿದೆ ಎಂದು ಕೇಳಿದಾಗಿನ ಸಣ್ಣ ಬೇಸರ ಮಾತ್ರ ಇತ್ತು. ಕಾಲ ಬಳಿ ಹೆಂಡತಿ ಅನಸೂಯಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅವಳೆದುರು ದೊಡ್ಡವೆಂಕಟಪ್ಪ ಕುಕ್ಕುರುಗಾಲಲ್ಲಿದ್ದ. ಸತ್ತವನ ದೊಡ್ಡಪ್ಪನ ಮಗ. ಊರಿನ ಯಾವ ಮಣ್ಣೂ ಅವನ ಮಾತಿಲ್ಲದೆ ನಡೆಯುತ್ತಿರಲಿಲ್ಲ.

“ನೋಡಮ್ಮ ಅನಸೂಯಾ, ಒತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಬೇಕು. ಗೋಪಿ ಅವ್ನೆ. ತಮ್ಮನ್ ಮಗ ಅಂದ್ರೆ ಮಗಾನೇ. ಬೆಂಕಿ ಮಡಕೆ ಅವ್ನೇ ಇಡ್ಕೊಳ್ಳಿ.”

“ಎತ್ತ ಮಗ ಬದ್ಕಿರೋವಾಗ ತಮ್ಮನ್ ಮಗ ಯಾಕ್ ಭಾವ?” ಅವಳ ದನಿಯಲ್ಲಿ ಅಳುವಿರಲಿಲ್ಲ. “ವೆಂಕಿ ಬರ್ಲಿ. ಅಲ್ಲೀಗಂಟ ಎತ್ತಂಗಿಲ್ಲ.”

“ಎಂಟು ವರ್ಸದಿಂದ ಬರ್ದೋನು ಇವತ್ತು ಬತ್ತಾನಾ?”

“ಅಪ್ಪ ಓದ ಅಂತ ಯಾರಾನಾ ಓಗಿ ಏಳುದ್ರೆ ಬತ್ತಾನೆ. ಇವ್ರು ಮೊನ್ನೆ ಭಾನುವಾರಾನೂ ನೋಡ್ಕೊಂಡ್ ಬಂದವ್ರೆ. ಬೇತಮಂಗಲ್ದಾಗೇ ಅವ್ನೆ. ಕೂದ್ಲು ಸಣ್ಣಗೆ ಕತ್ತರಿಸ್ಕೊಂಡವ್ನಂತೆ.”

ದೊಡ್ಡವೆಂಕಟಪ್ಪ ಸುಕನ್ಯಳ ಕಡೆ ನೋಡಿದ. ಅವಳು ಖಾಲಿ ಚೊಂಬನ್ನು ಬೋರಲು ಹಾಕಿ ಒಳಗೆ ಹೋದಳು.

*

ವೆಂಕಿ ಕೆಜಿಎಫ್‌ನ ಪಾಲಿಟೆಕ್ನಿಕ್ಕಿಗೆ ಹೋಗುತ್ತಿದ್ದ. ಎರಡನೆಯ ವರ್ಷದ ನಡುವೆ ಮಾತು ಕಡಿಮೆಯಾಯಿತು. ಮುಖ ನೋಡಿ ಏನಾದರೂ ಕೇಳಿದರೆ ತಲೆ ತಗ್ಗಿಸುತ್ತಿದ್ದ, ಇನ್ನೂ ಕೇಳಿದರೆ ಎದ್ದು ಹೊಲದ ಬದುವಿಗೆ ಹೋಗಿ ಕೂರುತ್ತಿದ್ದ. ಡಾಕ್ಟರ ಮಾತ್ರೆ ತಿಂದು ಮಲಗುತ್ತಿದ್ದ, ಮಾತ್ರೆ ಬಿಟ್ಟು ಎದ್ದಿರುತ್ತಿದ್ದ. ಚಳಿಗಾಲದ ಒಂದು ಬೆಳಿಗ್ಗೆ ಅಪ್ಪನಿಗೆ ಆಫೀಸಿನಲ್ಲಿ ಕೊಟ್ಟಿದ್ದ ನೀಲಿ ಸ್ವೆಟರ್ ಹಾಕಿಕೊಂಡು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದ. ಆ ಸ್ವೆಟರಿನ ತೋಳಿಗೆ ಬಿಳಿಯ ಪಟ್ಟಿ ಇತ್ತು. ಅಂಥದು ಆ ಸುತ್ತಿನಲ್ಲಿ ಇನ್ನೊಬ್ಬರ ಮೈಮೇಲೆ ಇರಲಿಲ್ಲ. ಸಂಜೆಯ ರೈಲಿನಲ್ಲಿ ಹುಡುಗ ಮರಳಲಿಲ್ಲ.

ಪೊಲೀಸರಿಗೆ ಹೇಳಿದ್ದಾಯಿತು, ದೇವರನ್ನು ಕೇಳಿದ್ದಾಯಿತು. ತಿಂಗಳಾದ ಮೇಲೆ ರೈಲಿನಲ್ಲಿ ವಡೆ ಮಾರುವ ಪೆರುಮಾಳ್, ಕೋರಮಂಡಲ ಸ್ಟೇಷನ್ನಿನ ಬಳಿ ನೀಲಿ ಸ್ವೆಟರಿನ ಹುಡುಗನನ್ನು ಕಂಡೆನೆಂದ. ಬೇತಮಂಗಲದಲ್ಲಿ ಸೊಪ್ಪು ಮಾರುವ ಪೆದ್ದಮ್ಮ ತಾನೂ ಕಂಡೆನೆಂದಳು. ಕಾಮಸಮುದ್ರದ ಬಸ್ಸಿನ ಕಂಡಕ್ಟರು ಕಿಟಕಿಯಿಂದ ನೋಡಿದ್ದ.

ರಾಮಚಂದ್ರಪ್ಪ ಮೂವರ ಮಾತನ್ನೂ ತೂಗಿದ. ಅವನ ನೌಕರಿಯೇ ಅದಾಗಿತ್ತು. ಬೆಂಗಳೂರಿನ ಹೊರಗೆ ಎತ್ತರದ ಗೋಡೆಯೊಳಗಿನ ಒಂದು ಕಟ್ಟಡದಲ್ಲಿ ಅವನು ದಿನವಿಡೀ ಪರದೆ ನೋಡುತ್ತಿದ್ದ. ಪರೀಕ್ಷೆಗೆಂದು ಹಾರಿಸಿದ ಕ್ಷಿಪಣಿಯನ್ನು ದೂರ ದೂರದ ರಾಡಾರುಗಳು ಒಟ್ಟಿಗೇ ನೋಡುತ್ತವೆ. ಒಂದಕ್ಕೆ ದೂರ ಸರಿಯಾಗಿ ತಿಳಿಯುತ್ತದೆ, ದಿಕ್ಕಿನಲ್ಲಿ ತಪ್ಪುತ್ತದೆ. ಇನ್ನೊಂದು ದಿಕ್ಕು ಹೇಳುತ್ತದೆ, ತಡವಾಗಿ ಹೇಳುತ್ತದೆ. ಮತ್ತೊಂದಕ್ಕೆ ನಡುನಡುವೆ ಕಾಣುವುದೇ ಇಲ್ಲ. ಹಾರುತ್ತಿರುವುದು ಒಂದೇ ಆದರೂ ಪರದೆಯ ಮೇಲೆ ಚುಕ್ಕೆಗಳು ಬೇರೆ ಬೇರೆ. ಯಾವುದರ ಮಾತನ್ನು ಎಷ್ಟು ನಂಬಬೇಕೆಂದು ಲೆಕ್ಕ ಹಾಕಿ ಎಲ್ಲವನ್ನೂ ಒಂದು ಜಾಡಾಗಿ ಮಾಡುವುದು ಯಂತ್ರದ ಕೆಲಸ. ಯಂತ್ರ ಒಂದೆಂದದ್ದು ಒಂದೇ ಹೌದೋ ಎಂದು ಮತ್ತೆ ಮತ್ತೆ ನೋಡುವುದು ಅವನ ಕೆಲಸ.

“ಪೆರುಮಾಳ್ ಕಣ್ಣು ಚುರುಕು, ಆದ್ರೆ ವಾರ ನೆಪ್ಪಿರಲ್ಲ,” ಎಂದು ಹೆಂಡತಿಗೆ ಹೇಳಿದ್ದ. “ಪೆದ್ದಮ್ಮಂಗೆ ಪೊರೆ ಬಂದೈತೆ, ಆದ್ರೆ ಸಂತೆ ದಿನ ತಪ್ಪಲ್ಲ. ಎರಡೂ ಸೇರಿಸ್ಕೊಂಡ್ರೆ ಉಡ್ಗ ಸಂತೆ ದಿನ ಬೇತಮಂಗಲದ ಕಡೆ ನಡೀತಾ ಇದ್ದ. ಜಾಡು ಸರೀಗೈತೆ ಅನಸೂಯಾ. ಬದ್ಕವ್ನೆ.”

ಅವನು ಹೋದಲ್ಲೆಲ್ಲ ಹುಡುಗ ಆಗಲೇ ಮುಂದಕ್ಕೆ ಹೋಗಿರುತ್ತಿದ್ದ. ಐದು ವರ್ಷ ಹಾಗೇ ನಡೆಯಿತು. ಒಂದು ಭಾನುವಾರ ರಾಮಚಂದ್ರಪ್ಪ ಬೇತಮಂಗಲದಿಂದ ಬಂದವನು ಕೈಕಾಲು ತೊಳೆಯದೆ ಗೋಡೆಯ ಕಡೆ ತಿರುಗಿ ಮಲಗಿದ.

“ಕಂಡ್ನಾ?” ಎಂದಳು ಅನಸೂಯಮ್ಮ.

“ಕಂಡ.”

“ಎಂಗವ್ನೆ?”

ಅವನು ಕಂಬಳಿಯನ್ನು ತಲೆಯ ತನಕ ಎಳೆದುಕೊಂಡ. “ಚೆನ್ನಾಗವ್ನೆ. ಟೊಮೇಟೊ ಕ್ರೇಟ್ ಎತ್ತಾ ಕೆಲ್ಸ ಮಾಡ್ತವ್ನೆ.”

“ಕರ್ಕೊಂಡ್ ಬರ್ಬಾರ್ದಿತ್ತಾ?”

“ಈಗ್ಲೇ ಬೇಡ. ಬಲವಂತ ಮಾಡಿದ್ರೆ ಆಂಧ್ರದ ಕಡೆ ದಾಟ್ಬಿಡ್ತಾನೆ. ಮನೆಯೋರು ಯಾರೂ ಓಗಿ ನಿಂತ್ಕೋಬಾರ್ದು. ನಾನು ದೂರದಿಂದ್ಲೇ ಕಣ್ಣಿಟ್ಟಿರ್ತೀನಿ.”

ಮುಖ ನೋಡಿದರೆ ಎದ್ದು ಹೋಗುವ ಮಗ. ಅನಸೂಯಮ್ಮ ಆ ಮಾತನ್ನು ನಂಬಿದಳು.

*

ಬಸ್ಸು ಬಂದು ಹೋದ ಮೇಲೆ ಪೆರುಮಾಳ್ ಬಂದ. ವಡೆಯ ಬುಟ್ಟಿಯನ್ನು ಬೇಲಿಯ ಹೊರಗೇ ಇಟ್ಟು ಬಂದು ಹೆಣದ ಕಾಲು ಮುಟ್ಟಿದ. ಮೂವತ್ತು ವರ್ಷ ಒಂದೇ ರೈಲಿನಲ್ಲಿ ಓಡಾಡಿದವರು.

“ಪೆರುಮಾಳೂ, ನೀನೇ ಏಳಪ್ಪ ಇವ್ರಿಗೆ,” ಎಂದಳು ಅನಸೂಯಮ್ಮ. “ನನ್ ಮಗನ್ನ ನೋಡಿಲ್ವಾ ನೀನು?”

“ನೋಡಿದೀನಿ ತಾಯಿ. ದೂರದಿಂದ. ಮುಖ ಅಂತ ಎದುರಿಗೆ ನೋಡಿಲ್ಲ, ಪೊಯ್, ಸುಳ್ಳು ಹೇಳಬಾರ್ದು. ಸ್ವೆಟರ್ ಮಾತ್ರ ಅದೇ.” ಅವನು ಟವೆಲಿನಿಂದ ಕಣ್ಣೊರೆಸಿಕೊಂಡ. “ಬೇತಮಂಗಲದಲ್ಲಿ ಕೆರೆ ಕೋಡಿ ಹತ್ರ ಒಂದು ಟೊಮೇಟೊ ಮಂಡಿ ಇದೆ. ಲಾರಿ ಲೋಡ್ ಮಾಡೋ ಹುಡುಗ್ರು ಅಲ್ಲೇ ಇರ್ತಾರೆ. ಅಲ್ಲಿ ಕೇಳಿದ್ರೆ ಸಿಕ್ತಾನೆ.”

ಅನಸೂಯಮ್ಮ ಗೋಪಿಯ ಕಡೆ ತಿರುಗಿದಳು. ಅವನು ಕಂಬದ ಮರೆಯಲ್ಲಿ ನಿಂತಿದ್ದ. ಮೀಸೆ ಬೋಳಿಸಿಕೊಂಡು ಬೆಂಕಿ ಮಡಕೆಗೆ ತಯಾರಾಗಿ ಬಂದಿದ್ದ.

“ಓಗಪ್ಪ ಗೋಪಿ. ಅಣ್ಣನ್ನ ಕರ್ಕೊಂಡ್ ಬಾ. ಗಟ್ಟಿಯಾಗಿ ಮಾತಾಡ್ಬೇಡ ಅವ್ನ್ ಜೊತೆ.”

“ಊಂ ದೊಡ್ಡಮ್ಮ.”

ಬೈಕು ಹೊರಟ ಮೇಲೆ ದೊಡ್ಡವೆಂಕಟಪ್ಪ ತಮಟೆಯವರಿಗೆ ಕಾಫಿ ಕುಡಿದು ಬನ್ನಿ ಎಂದ. ಹೊಲದಲ್ಲಿ ಗುಂಡಿ ತೆಗೆಯುತ್ತಿದ್ದವರೂ ಬಂದು ನೆರಳಿಗೆ ಕೂತರು.

ಆಫೀಸಿನಿಂದ ಕಾಂತರಾಜ್ ಎಂಬವನು ಹೂವಿನ ಚಕ್ರ ಹಿಡಿದು ಬಂದಿದ್ದ. ಸತ್ತವನ ಪಕ್ಕದ ಕುರ್ಚಿಯವನಂತೆ. ಅವನ ಶೂ ಬಿಚ್ಚಿಸಿ ಮುನಿಲಕ್ಷ್ಮಿ ಚಾಪೆ ಕೊಟ್ಟಳು.

“ಸಾರ್, ನಮ್ ರಾಮಚಂದ್ರಣ್ಣ ಅಲ್ಲಿ ಏನ್ ಕೆಲ್ಸ ಮಾಡ್ತಿದ್ರು? ಕೇಳುದ್ರೆ ಏಳ್ತಿರ್ಲಿಲ್ಲ.”

“ನಾವೂ ಹೇಳೋ ಹಾಗಿಲ್ಲಮ್ಮ.”

“ಸತ್ಮೇಲೂನಾ?”

ಗುಂಡಿಯವರಲ್ಲಿ ಒಬ್ಬ ನಕ್ಕ. “ಬಾಂಬ್ ಬಂದ್ರೆ ನೋಡ್ಕೊಂಡು ಸೀಟಿ ಊದಾ ಕೆಲ್ಸ ಕಣಕ್ಕ. ಅದ್ಕೇ ನಮ್ಮೂರ್ ಮೇಲೆ ಒಂದೂ ಬಿದ್ದಿಲ್ಲ.”

“ನಿನ್ ಮೇಲ್ ಬಿದ್ದಿದ್ರೆ ಊರು ನೆಮ್ಮದ್ಯಾಗಿರ್ತಿತ್ತು,” ಎಂದಳು ಮುನಿಲಕ್ಷ್ಮಿ.

ಕಾಂತರಾಜ್ ಕೂಡ ನಕ್ಕ. ಆಮೇಲೆ ಹೂವಿನ ಚಕ್ರದಿಂದ ಉದುರಿದ ಎಸಳೊಂದನ್ನು ಬೆರಳಲ್ಲಿ ಹಿಸುಕುತ್ತ ದೊಡ್ಡವೆಂಕಟಪ್ಪನಿಗೆ ಹೇಳಿದ: “ಒಳ್ಳೇ ಮನುಷ್ಯ. ಒಂದೇ ಒಂದು ವಿಷಯಕ್ಕೆ ನಾವು ಅವರನ್ನ ಬೈತಿದ್ವಿ. ಒಂದೊಂದು ಸಲ ಗುರಿ ಯಾವ ರಾಡಾರಿಗೂ ಕಾಣದ ಹಾಗೆ ಆಗ್ಬಿಡುತ್ತೆ. ಆಗ ಯಂತ್ರ ಅದು ಇಲ್ಲಿರಬಹುದು, ಇಲ್ಲಿರಬಹುದು ಅಂತ ಊಹೆ ಮೇಲೇ ಜಾಡು ಎಳ್ಕೊಂಡು ಹೋಗ್ತಾ ಇರುತ್ತೆ. ಸ್ವಲ್ಪ ಹೊತ್ತು ನೋಡಿ ನಾವು ಬಿಟ್ಟುಬಿಡಬೇಕು. ಇವರು ಬಿಡ್ತಿರಲಿಲ್ಲ. ಈಚೆಗಂತೂ ತೀರಾ. ‘ಬಿಡ್ರೀ ರಾಮಚಂದ್ರಪ್ಪ, ಅದು ಹೋಯ್ತು’ ಅಂದ್ರೆ, ‘ಇನ್ನೊಂದು ಸುತ್ತು ನೋಡೋಣ ಸಾರ್’ ಅನ್ನೋರು.”

ದೊಡ್ಡವೆಂಕಟಪ್ಪ ಒಳಗೆ ಕಂಬಕ್ಕೊರಗಿದ್ದ ಅನಸೂಯಮ್ಮನನ್ನು ನೋಡಿದ. “ಗಂಡ ಎಂಡ್ತಿ ಇಬ್ರೂ ಒಂದೇ ಜಾತಿ ಬಿಡಿ,” ಎಂದ.

*

ಬೇತಮಂಗಲದಿಂದ ಬಂದು ಗೋಡೆಯ ಕಡೆ ಮಲಗಿದ ಆ ಭಾನುವಾರದ ಮುಂದಿನ ವಾರ. ಅನಸೂಯಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ರಾಮಚಂದ್ರಪ್ಪ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದ. ಉದುರಿದ ಕಾಳಿಗೆ ಇರುವೆ ಬಂದಿದ್ದವು.

“ಇಲ್ನೋಡು. ಈ ಎರಡು ಇರುವೆ ಎದುರಾಬದುರಾ ಬತ್ತಾ ಅವೆ.”

“ಬರ್ಲಿ ಬಿಡ್ರಿ, ಅವಕ್ಕೂ ಒಟ್ಟೆ ಐತೆ.”

“ನೋಡು ಅಂದೆ.”

ಎರಡೂ ಮುಖಕ್ಕೆ ಮುಖ ಕೊಟ್ಟು ನಿಂತವು, ಒಂದರ ಸುತ್ತ ಒಂದು ತಿರುಗಿದವು, ಆಮೇಲೆ ಬೇರೆಯಾದವು.

“ಈಗ ಏಳು. ಆ ಕಡೆಯಿಂದ ಬಂದಿದ್ದು ಯಾವ್ದು?”

“ಇದು. ಬಾಯಾಗೆ ರಾಗಿ ಐತಲ್ಲ.”

“ರಾಗೀನ ಅದು ಇದಕ್ಕೆ ಕೊಟ್ಬಿಟ್ಟಿದ್ರೆ?”

ಅನಸೂಯಮ್ಮ ಮೊರ ನಿಲ್ಲಿಸಿ ನಕ್ಕಳು. “ಬಾಯಿಗ್ ಬಂದಿದ್ನ ಯಾವ ಇರುವೆ ಇನ್ನೊಂದಕ್ಕೆ ಕೊಡ್ತದೆ?”

ಅವನು ನಗಲಿಲ್ಲ. ಆಫೀಸಿನ ಮಾತು ಎಂದೂ ಆಡದವನು ಆ ದಿನ ಆಡಿದ. ಒಂದು ಪರೀಕ್ಷೆಯಲ್ಲಿ ಕ್ಷಿಪಣಿ ಮೇಲೆ ಹೋದ ಮೇಲೆ ಉರಿದು ಮುಗಿದ ಹಿಂಭಾಗ ಕಳಚಿಕೊಂಡಿತ್ತು. ಬರೀ ಖಾಲಿ ಕೊಳವೆ. ಆದರೆ ಅದೇ ದೊಡ್ಡದು, ಅದೇ ಹೊಳೆಯುತ್ತಿತ್ತು. ಎರಡೂ ಇನ್ನೂ ಹತ್ತಿರದಲ್ಲಿದ್ದ ಗಳಿಗೆಯಲ್ಲಿ ಜಾಡು ಆ ಕೊಳವೆಗೆ ಅಂಟಿಕೊಂಡಿತು. ಎಲ್ಲ ರಾಡಾರುಗಳೂ ಅದನ್ನೇ ತೋರಿಸಿದವು. ಒಂದೂ ಇನ್ನೊಂದನ್ನು ಅಲ್ಲಗಳೆಯಲಿಲ್ಲ. ಜಾಡು ಸರಿಯಾಗಿದೆ ಎಂದು ರಾಮಚಂದ್ರಪ್ಪನೇ ಹೇಳಿದ್ದ. ನಿಜವಾದದ್ದು ಯಾರಿಗೂ ಕಾಣದೆ ಹೋಗಿ ಸಮುದ್ರಕ್ಕೆ ಬಿತ್ತು.

“ಎಲ್ರೂ ಒಂದೇ ಮಾತು ಏಳುದ್ರೆ ನಂಬಿಬಿಡ್ತೀವಿ ಅನಸೂಯಾ. ಎಲ್ರೂ ಒಂದೇ ತಪ್ಪು ಮಾಡಿರ್ಬೌದು ಅಂತ ಅನ್ಸಲ್ಲ. ಜಾಡು ಎಲ್ಲೂ ಮುರ್ದಿರಲ್ಲ, ನೋಡಾಕೆ ಚೆಂದಾಗಿರ್ತದೆ.”

“ಅದ್ಕ್ಯಾಕೆ ಈಗ ಬೇಜಾರು? ನಮ್ ಜಾಡು ಸರೀಗೈತಲ್ಲ. ನೀವೇ ಕಣ್ಣಾರೆ ನೋಡ್ಕೊಂಡ್ ಬಂದ್ರಲ್ಲ.” ಅವಳು ಮೊರವನ್ನು ಕೊಡವಿ ಎದ್ದಳು. “ಮುಂದಿನ್ ವಾರ ಓಗೋವಾಗ ಕಡ್ಲೆಬೀಜದ ಉಂಡೆ ಕಟ್ಕೊಡ್ತೀನಿ. ಅಂಗಡೀಲಿ ಯಾರ್ ಕೈಲಾನಾ ಕೊಡ್ಸಿ. ಅಮ್ಮ ಕೊಟ್ಟಿದ್ದು ಅಂತ ಏಳ್ಬೇಡಿ, ತಿನ್ನದೇ ಓದಾನು.”

ಅವನು ಏನೋ ಹೇಳಲು ಬಾಯಿ ತೆರೆದವನು, “ಆಗ್ಲಿ,” ಎಂದ.

ಆಮೇಲೆ ಅವನು ತಿಂಗಳಿಗೊಂದು ಸಲ ಬೇತಮಂಗಲಕ್ಕೆ ಹೋಗಿ ಬರುತ್ತಿದ್ದ. ಸುದ್ದಿ ತರುತ್ತಿದ್ದ. ಜ್ವರ ಬಂದಿತ್ತಂತೆ, ಈಗ ವಾಸಿ. ಕಾಲಿಗೆ ಮೊಳೆ ಚುಚ್ಚಿತ್ತಂತೆ. ಒಂದು ಬೆಕ್ಕು ಸಾಕಿಕೊಂಡಿದ್ದಾನಂತೆ. ಅನಸೂಯಮ್ಮ ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡು ಕೇಳುತ್ತಿದ್ದಳು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸುಕನ್ಯಳಿಗೆ ಫೋನು ಬಂತು. ಗೋಪಿ.

“ಅಕ್ಕ, ನೀಲಿ ಸ್ವೆಟರ್‌ನೋನು ಸಿಕ್ದ.”

“ಲೋ, ಸರೀಗೇಳು. ಅವ್ನೇನಾ?”

ಆ ಕಡೆ ಲಾರಿಯ ಸದ್ದು. “ಕರ್ಕೊಂಡ್ ಬತ್ತಾ ಇದೀನಕ್ಕ. ಬಂದ್ ಮಾತಾಡ್ತೀನಿ.” ಫೋನು ನಿಂತಿತು.

ಸಿಕ್ದ ಎಂಬ ಮಾತೊಂದೇ ಸಾಕಾಗಿತ್ತು. ಅನಸೂಯಮ್ಮ ಬೆಳಗಿನಿಂದ ಮೊದಲ ಸಲ ಎದ್ದಳು. ಕಾಲು ಜೋಮು ಹಿಡಿದಿತ್ತು. ಕಂಬ ಹಿಡಿದು ನಿಂತು ಸೆರಗು ಸರಿಮಾಡಿಕೊಂಡಳು. ಬೀರುವಿನಿಂದ ಹೊಸ ಪಂಚೆ ತರಿಸಿದಳು. ಬೆಂಕಿ ಮಡಕೆಗೆ ಕೆಂಡ ಹಾಕಿ ಎಂದಳು. ಅಂಗಳಕ್ಕೆ ಬಂದು, ಬೇಲಿಯವರೆಗೆ ತುಂಬಿದ್ದ ಜನಕ್ಕೆಲ್ಲ ಕೈ ಮುಗಿದಳು.

“ನಿಮ್ಗೆಲ್ಲ ಒಂದ್ ಮಾತು. ಅವ್ನು ಬಂದಾಗ ಯಾರೂ ಅಳ್ಬೇಡಿ. ಯಾಕೋ ವೆಂಕಿ, ಎಲ್ಲಿದ್ಯೋ ವೆಂಕಿ ಅಂತ ಕೇಳ್ಬೇಡಿ. 
ಯಾರೂ ಅವ್ನ ಮುಖ ನೋಡ್ಬೇಡಿ. ಎದರ್ಕೊತಾನೆ. ಎಲ್ರೂ ತಲೆ ಬಗ್ಗಿಸ್ಕೊಂಡಿರಿ. ನನ್ ಮಗ ಬಂದು ಅಪ್ಪನ ಬಾಯಿಗೆ ಅಕ್ಕಿ ಆಕ್ಲಿ, ಆಮೇಲೆ ನೀವು ಏನ್ ಬೇಕಾದ್ರೂ ಮಾಡ್ಕೊಳ್ಳಿ.”

ಸಾವಿನ ಮನೆಯಲ್ಲಿ ಇಂಥದನ್ನು ಯಾರೂ ಕೇಳಿರಲಿಲ್ಲ. ಆದರೂ ಬೈಕಿನ ಸದ್ದು ತಿರುವಿನಲ್ಲಿ ಕೇಳಿದ ಕೂಡಲೇ ಮುನಿಲಕ್ಷ್ಮಿ ತಲೆ ಬಗ್ಗಿಸಿದಳು. ಅವಳನ್ನು ನೋಡಿ ಇತರ ಹೆಂಗಸರು. ಗುಂಡಿಯವರು, ತಮಟೆಯವರು, ಪೆರುಮಾಳ್, ಕಾಂತರಾಜ್, ಕೊನೆಗೆ ದೊಡ್ಡವೆಂಕಟಪ್ಪ. ಬೈಕು ಅಂಗಳಕ್ಕೆ ಬಂದು ನಿಂತಾಗ ಇಡೀ ಊರು ನೆಲ ನೋಡುತ್ತ ಕೂತಿತ್ತು. ಕೋಳಿಯೊಂದು ಅವರ ನಡುವೆ ಕಾಳು ಹೆಕ್ಕುತ್ತಿತ್ತು.

ಅನಸೂಯಮ್ಮ ಕೂಡ ಮೊದಲು ಮುಖ ನೋಡಲಿಲ್ಲ. ಬೈಕಿನಿಂದ ಇಳಿದ ಕಾಲು ನೋಡಿದಳು. ಅಗಲವಾದ ಪಾದ, ಹೆಬ್ಬೆರಳು ಹೊರಕ್ಕೆ ತಿರುಗಿತ್ತು. ಅವಳು ಹೆತ್ತು ಎಣ್ಣೆ ಹಚ್ಚಿ ನೀರೆರೆದ ಕಾಲಲ್ಲ ಅದು. ಕಣ್ಣು ಮೇಲಕ್ಕೆ ಹೋಯಿತು. ಮಾಸಿದ ನೀಲಿ ಸ್ವೆಟರು, ಮೊಣಕೈಯಲ್ಲಿ ಬೇರೆ ನೂಲಿನ ತೇಪೆ, ಬಿಳಿ ಪಟ್ಟಿ ಬೂದು ಬಣ್ಣವಾಗಿತ್ತು. ಆಮೇಲೆ ಮುಖ. ಕೂದಲನ್ನು ಸಣ್ಣಗೆ ಕತ್ತರಿಸಿಕೊಂಡಿದ್ದ, ಅವಳ ಗಂಡ ಹೇಳಿದ ಹಾಗೆಯೇ.

“ದೊಡ್ಡಮ್ಮ,” ಎಂದ ಗೋಪಿ. “ಫೋನಾಗೆ ಎಂಗೇಳ್ಲಿ ನಾನು? ಅಯ್ಯ ಸತ್ರು ಅಂದಿದ್ಕೆ ಇವ್ನೇ ಬತ್ತೀನಿ ಅಂದ.”

ಅನಸೂಯಮ್ಮ ಜಗಲಿಯ ಅಂಚಿಗೆ ಕೂತಳು. “ನಿನ್ ಎಸ್ರೇನಪ್ಪ?”

“ಸೆಲ್ವರಾಜ್, ಅಮ್ಮ.”

ಒಬ್ಬೊಬ್ಬರೇ ತಲೆ ಎತ್ತಿದರು.

“ಆಷಾಢದಾಗೆ ನಿಂಗೆ ಜ್ವರ ಬಂದಿತ್ತಾ?”

“ಆಮಾ ಅಮ್ಮ, ಬಂದಿತ್ತು. ಅಯ್ಯನೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು.”

“ಕಾಲಿಗೆ ಮೊಳೆ ಚುಚ್ಚಿತ್ತಾ?”

ಅವನು ಹಿಮ್ಮಡಿ ತಿರುಗಿಸಿ ತೋರಿಸಿದ.

“ಬೆಕ್ಕು?”

“ಇದೆ ಅಮ್ಮ. ಮಂಡೀಲಿ.”

“ಕಡ್ಲೆಬೀಜದ ಉಂಡೆ?”

ಸೆಲ್ವರಾಜ್, ಅದು ಕಳ್ಳತನದ ಮಾತೆಂಬಂತೆ ಕೈ ಹಿಂದಕ್ಕೆ ಕಟ್ಟಿಕೊಂಡ. “ನಾನೇ ತಿಂದೆ ಅಮ್ಮ. ಅಯ್ಯ ಪಕ್ಕದಲ್ಲೇ ಕೂತು ಪೂರ್ತಿ ತಿನ್ನೋ ತನಕ ನೋಡೋರು.”

ಸುಕನ್ಯ ಅಮ್ಮನ ಭುಜ ಹಿಡಿದಳು. ಅನಸೂಯಮ್ಮ ಅದನ್ನು ಬಿಡಿಸಿಕೊಂಡಳು.

“ಅವ್ರಿಗೆ ಗೊತ್ತಿತ್ತಾ?”

“ಮೊದಲ ದಿನಾನೇ ಗೊತ್ತಾಯ್ತು ಅಮ್ಮ. ಕೆರೆ ಕಟ್ಟೆ ಮೇಲೆ ಹಿಂದಿಂದ ಓಡಿ ಬಂದು ಹೆಗಲು ಹಿಡ್ಕೊಂಡ್ರು. ನಾನು ತಿರುಗಿದೆ. ಅಯ್ಯ ಅಲ್ಲೇ ಮಣ್ಣಲ್ಲೇ ಕೂತ್ಬಿಟ್ರು. ಆಮೇಲೆ ಸ್ವೆಟರ್ ಎಲ್ಲಿ ಸಿಕ್ತು ಅಂತ ಕೇಳಿದ್ರು.”

“ಎಲ್ಲಿ ಸಿಕ್ತು ಅಂತ ಏಳು.”

“ಬೇಡ ಕಣಪ್ಪ,” ಎಂದ ದೊಡ್ಡವೆಂಕಟಪ್ಪ.

“ಏಳ್ಲಿ ಭಾವ.”

ಸೆಲ್ವರಾಜ್ ಅವಳ ಮುಖ ಬಿಟ್ಟು ಕೋಳಿಯನ್ನು ನೋಡುತ್ತ ಹೇಳಿದ. “ಆಗ ನಾನು ಮಾರಿಕುಪ್ಪಂ ಸ್ಟೇಷನ್‌ನಲ್ಲಿ ಮಲಗ್ತಿದ್ದೆ. ಬೆಳಿಗ್ಗೆ ತುಂಬಾ ಚಳಿ. ಒಂದು ಅಣ್ಣ ರೈಲಿಂದ ಇಳಿದ್ರು. ನಾನು ನಡುಗ್ತಾ ಇರೋದು ನೋಡಿ ನಿಂತ್ರು. ಬಿಚ್ಚಿ ಕೊಟ್ರು. ‘ಹಾಕ್ಕೊ’ ಅಂದ್ರು. ನಿಮಗೆ ಬೇಡ್ವಾ ಅಣ್ಣ ಅಂದೆ. ‘ಇನ್ನು ಬೇಡ’ ಅಂದ್ರು.” ಅವನು ಸ್ವೆಟರಿನ ತೋಳನ್ನು ಕೆಳಕ್ಕೆ ಎಳೆದುಕೊಂಡ. “ಹಳೇ ಗಣಿ ಬಾವಿ ಇರೋ ಕಡೆ ನಡ್ಕೊಂಡು ಹೋದ್ರು. ನಾನು ಸಂಜೆ ತನಕ ಅಲ್ಲೇ ಇದ್ದೆ. ಆ ದಾರೀಲಿ ತಿರುಗಿ ಬರ್ಲಿಲ್ಲ.”

ಆ ಬಾವಿಗಳ ಆಳ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಣಿ ಮುಚ್ಚಿದ ಮೇಲೆ ಅವುಗಳಲ್ಲಿ ನೀರು ತುಂಬಿತ್ತು. ಒಳಗಿಳಿದು ನೋಡುವ ಮಾತೇ ಇರಲಿಲ್ಲ.

“ಅಯ್ಯ ಒಂದು ಸಲ ನನ್ನ ಕರ್ಕೊಂಡು ಅಲ್ಲಿಗೆ ಹೋಗಿದ್ರು. ಬೇಲಿ ಹೊರಗೇ ನಿಂತಿದ್ರು, ಬಿಸಿಲು ಹೋಗೋ ತನಕ.”

ಪೆರುಮಾಳ್ ಟವೆಲನ್ನು ಬಾಯಿಗೆ ಒತ್ತಿಕೊಂಡ. “ನಾನು ಸ್ವೆಟರ್ ನೋಡಿದೆ ತಾಯಿ. ಸ್ವೆಟರ್ ಮಾತ್ರಾನೇ ನೋಡಿದೆ.”

“ಮೂರು ವರ್ಸ!” ಎಂದಳು ಸುಕನ್ಯ. ಅವಳು ಹೆಣದ ಕಡೆ ತಿರುಗಿದ್ದಳು. “ಮೂರು ವರ್ಸ ಅಪ್ಪ ನಿಂಗೆ ಸುಳ್ಳೇಳ್ದಾ ಅಮ್ಮ?”

“ಸುಳ್ಳೆಲ್ಲಿ ಏಳವ್ರೆ?” ಅನಸೂಯಮ್ಮನ ದನಿ ಯಾರದೋ ಮನೆಯ ವಿಷಯ ಹೇಳುವಂತಿತ್ತು. “ಜ್ವರ ನಿಜ. ಮೊಳೆ ನಿಜ. ಬೆಕ್ಕೂ ನಿಜಾನೇ.”

ಸೆಲ್ವರಾಜ್ ಸ್ವೆಟರನ್ನು ತಲೆಯ ಮೇಲಿಂದ ಎಳೆದು ಬಿಚ್ಚಿದ. ಒಳಗೆ ಬನಿಯನ್ನು ಮಾತ್ರ ಇತ್ತು. ಮಡಿಸಿ ಎರಡು ಕೈಯಲ್ಲಿ ಅವಳ ಮುಂದೆ ಹಿಡಿದ.

ಅವಳು ಅದನ್ನು ಮುಟ್ಟಲಿಲ್ಲ. “ಒತ್ತು ಇಳೀತಾ ಐತೆ. ಚಳಿ ಆಯ್ತದೆ. ಆಕ್ಕೊ,” ಎಂದಳು. ಆಮೇಲೆ ಹೊಸ ಪಂಚೆಯನ್ನು ಗೋಪಿಗೆ ಕೊಟ್ಟಳು. “ಮಡಕೆ ನೀನೇ ಇಡ್ಕೊ.”

*

ತಮಟೆ ಸಣ್ಣಗೆ ಹೊಡೆದರು. ಗೋಪಿ ಬೆಂಕಿ ಮಡಕೆ ಹಿಡಿದು ಮುಂದೆ ನಡೆದ. ಚಟ್ಟಕ್ಕೆ ಹೆಗಲು ಕೊಡಲು ಒಬ್ಬ ಕಡಿಮೆಯಾದಾಗ ಸೆಲ್ವರಾಜ್ ತಾನೇ ಬಂದು ಹಿಂದಿನ ಮೂಲೆಗೆ ನಿಂತ. ಭಾರ ಹೊರುವ ಕೆಲಸದವನು. ಅವನ ಮೂಲೆ ಅಲುಗಲಿಲ್ಲ.

ಹೆಂಗಸರು ಬದುವಿನ ಹತ್ತಿರ ನಿಲ್ಲುವುದು ಪದ್ಧತಿ. ಅನಸೂಯಮ್ಮ ನಿಲ್ಲಲಿಲ್ಲ. ಕೊಯ್ದ ರಾಗಿಯ ಕೂಳೆ ಅವಳ ಪಾದಕ್ಕೆ ಚುಚ್ಚುತ್ತಿತ್ತು. ಮುನಿಲಕ್ಷ್ಮಿ ಹಿಂದೆಯೇ ಓಡಿ ಬಂದು ತೋಳು ಹಿಡಿದಳು. ಯಾರೂ ಬೇಡವೆನ್ನಲಿಲ್ಲ.

ರಾಮಚಂದ್ರಪ್ಪನನ್ನು ಗುಂಡಿಗೆ ಇಳಿಸಿದರು. ಹೂವಿನ ಚಕ್ರವನ್ನು ಎಲ್ಲಿ ಇಡಬೇಕೋ ತಿಳಿಯದೆ ಕಾಂತರಾಜ್ ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ದೊಡ್ಡವೆಂಕಟಪ್ಪ ಗುಂಡಿಯ ತಲೆದೆಸೆಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

“ಒಬ್ಬೊಬ್ರೇ ಬನ್ರಪ್ಪ. ಮೂರ್ ಮೂರ್ ಇಡಿ ಮಣ್ಣಾಕಿ. ಸತ್ತೋರ ಋಣ ಅಲ್ಲಿಗೆ ತೀರ್ತು. ತಿರುಗಿ ನೋಡ್ದೆ ಓಗಿ ಕೈಕಾಲು ತೊಳ್ಕೊಳ್ಳಿ.”

ಗೋಪಿ ಹಾಕಿದ. ಸುಕನ್ಯಳ ಕೈಗೂ ಮಣ್ಣು ತಂದು ಕೊಟ್ಟರು. ಪೆರುಮಾಳ್ ಹಾಕಿದ, ಕಾಂತರಾಜ್ ಹಾಕಿದ. ದೂರ ನಿಂತಿದ್ದ ಸೆಲ್ವರಾಜನನ್ನು ದೊಡ್ಡವೆಂಕಟಪ್ಪ ಕೈ ಮಾಡಿ ಕರೆದ. ಅವನೂ ಮೂರು ಹಿಡಿ ಹಾಕಿ, ತಿರುಗಿ ನೋಡದೆ ಬದುವಿನ ಕಡೆ ಹೋದ.

ಕೊನೆಗೆ ಅನಸೂಯಮ್ಮ ಮಣ್ಣಿನ ಗುಪ್ಪೆಯ ಬಳಿ ಮೊಣಕಾಲೂರಿದಳು. ಮೂರು ಹಿಡಿ ಹಾಕಿದಳು. ಸನಿಕೆ ಹಿಡಿದವರು ಮುಂದೆ ಬಂದರು.

ಅವಳು ಏಳಲಿಲ್ಲ. ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡಳು.

“ಮೂರಾಯ್ತು ಅಕ್ಕ,” ಎಂದು ಮುನಿಲಕ್ಷ್ಮಿ ಮೆಲ್ಲಗೆ ಹೇಳಿದಳು. “ಬಾ, ಏಳು.”

“ಇವ್ರುದು ಮೂರಾಯ್ತು,” ಎಂದು ಅನಸೂಯಮ್ಮ ಆ ಹಿಡಿಯನ್ನು ಹಾಕಿದಳು. ಮತ್ತೆ ಬಗ್ಗಿದಳು. ಗುಪ್ಪೆಯಲ್ಲಿದ್ದ ಹೆಂಟೆಯೊಂದನ್ನು ಬೆರಳುಗಳ ನಡುವೆ ಹಿಟ್ಟಿನಂತಾಗುವ ತನಕ ಪುಡಿಮಾಡಿದಳು, ಕಲ್ಲಿದ್ದರೆ ತಾಗೀತು ಎನ್ನುವ ಹಾಗೆ ಹರಳುಗಳನ್ನು ಆರಿಸಿ ಪಕ್ಕಕ್ಕೆ ಎಸೆದಳು. ಸನಿಕೆಯವರು ಅರ್ಥವಾಗದೆ ದೊಡ್ಡವೆಂಕಟಪ್ಪನ ಮುಖ ನೋಡಿದರು. ಅವನು ಸುಮ್ಮನಿರಿ ಎಂದು ಕೈ ಸನ್ನೆ ಮಾಡಿ, ಹೆಗಲ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅವಳು ಐದನೆಯ ಹಿಡಿಯನ್ನು ಹಾಕಿ ಆರನೆಯದನ್ನು ತೆಗೆದುಕೊಂಡಳು. ಅದನ್ನು ಗುಂಡಿಯ ಮೇಲೆ ಹಿಡಿದ ಕೈ ಬಿಚ್ಚಲಿಲ್ಲ. ಹೊತ್ತು ಮುಳುಗುತ್ತಿತ್ತು. ಊರವರೆಲ್ಲ ಆ ಮುಷ್ಟಿಯನ್ನೇ ನೋಡುತ್ತ ಕಾದು ನಿಂತರು.